ಉಂಡು

ಪಡುಕೆರೆ ಶಾಲೆ, ಒಂಬತ್ತನೇ ಈಯತ್ತೆ,
ಶುಕ್ರವಾರದ ಕೊನೆಯ ಪಿರಿಯಡ್ಡು.
ಕಿಟಕಿಗೆ ನನ್ನದೇ ರೂಮಿನ ಬೆಡ್‌ಶೀಟು.
ಕಡ್ಡಿಯ ತುದಿಗೆ ಅಂಟಿಸಿದ ಒಂದು ಸಾಸಿವೆಕಾಳು,
ಪಕ್ಕದಲ್ಲಿ ನೂರು ವಾಟಿನ ಬಲ್ಬು.
ಏನು ಕಾಣಸ್ತೈತಿ? ಅಂದೆ.
ಗದಗಿನ ಮಾತಿಗೆ ಮೊದಲು ನಗಬೇಕು ಅವರು, ನಕ್ಕರು.
ಬಲ್ಬು ಸರ್.
ಬಲ್ಬಿನ ಪಕ್ಕ?
ಬಲ್ಬೇ ಸರ್.

ಐದು ರೂಪಾಯಿಯ ನಾಣ್ಯ ಹಿಡಿಸಿದೆ ಒಬ್ಬೊಬ್ಬರ ಕೈಗೆ.
ಒಂದು ಕಣ್ಣು ಮುಚ್ಚಿ, ತೋಳು ಚಾಚಿ,
ಬಲ್ಬು ಪೂರ್ತಿ ಅಡಗುವ ಹಾಗೆ.
ದೂರದ ಗ್ರಹಗಳನ್ನು ಹೀಗೂ ಹುಡುಕುತ್ತಾರೆ,
ನಕ್ಷತ್ರವನ್ನು ಮರೆಮಾಡಿ.
ನಮ್ಮಂಥ ಪುಟ್ಟ ಗ್ರಹವಾದರೆ
ಸೂರ್ಯನಂಥ ನಕ್ಷತ್ರದ ಬೆಳಕಿಗೆ
ಅದರ ಬೆಳಕು ಸಾವಿರ ಕೋಟಿಯಲ್ಲಿ ಒಂದು ಪಾಲು.
ಕತ್ತಲೆಯಲ್ಲಿ ಕಳೆದುಹೋದದ್ದಲ್ಲ ಅದು,
ಬೆಳಕಿನಲ್ಲಿ.

ಪ್ರಾಪ್ತಿ ಕುಂದರ್ ನಾಣ್ಯ ವಾಪಸು ಕೊಟ್ಟಳು.
ಇದು ಗೊತ್ತುಂಟು ಸರ್. ನಮ್ಮ ಅಜ್ಜಿ ಮಾಡ್ತಾರೆ.

ಅಮಾವಾಸ್ಯೆಗೆ ಎರಡು ದಿನ. ತಡೆಗೋಡೆಯ ಕಪ್ಪು ಬಂಡೆಗಳ ಮೇಲೆ
ಅಪ್ಪಿ ಮರಕಾಲ್ತಿ, ತಲೆಗೆ ಬೈರಾಸು, ಬಾಯಲ್ಲಿ ಎಲೆಯಡಿಕೆ.
ಎದುರಿಗೆ ಕಡಲಲ್ಲಿ ಲೈಟ್ ಫಿಶಿಂಗಿನ ಬೋಟು,
ಜನರೇಟರಿನ ಗುರುಗುಟ್ಟು ದಡದವರೆಗೂ.
ಸಾಲು ಸಾಲು ದೀಪ, ನೀರಿನ ಮೇಲೆ ಯಾರದೋ ಮದುವೆಯಂತೆ.
ಕೂಡದು ಅಂತ ಕಾನೂನು ಇದೆ.
ಮೀನುಗಳಿಗೆ ಕಾನೂನು ಓದಲು ಬರುವುದಿಲ್ಲ, ಅತ್ತಲೇ ಹೋಗುತ್ತವೆ.

ಆ ಝಗಝಗದ ಮಗ್ಗುಲಲ್ಲೇ ಎಲ್ಲೋ
ಮಗ ವಾಮನನ ನಾಡದೋಣಿ. ಅದರಲ್ಲಿ ಒಂದು ಟಾರ್ಚು,
ಸೆಲ್ಲು ಹಳತು.

ಅಜ್ಜಿ ಬಲಗೈ ಎತ್ತಿದಳು, ಬೋಟಿಗೆ ಅಡ್ಡ.
ಉಂಗುರದ ಬೆರಳಿಲ್ಲ. ಯಾವುದೋ ವರ್ಷ ಹಗ್ಗ ತಿಂದದ್ದು.
ಆ ಸಂದಿನಿಂದ ಬೆಳಕು ಸೋರಿ ಅವಳ ಹುಬ್ಬಿನ ಮೇಲೆ.
ಎಡಗೈಯ ಬೆರಳೊಂದನ್ನು ತಂದು ಅಲ್ಲಿಟ್ಟಳು,
ಸರಿದ ಹೆಂಚನ್ನು ಕೂರಿಸುವಷ್ಟು ಸಲೀಸು.
ಕಾದಳು. ಅಲೆ ಎರಡು ಸಲ ಬಂದು ಹೋಯಿತು.

ಉಂಡು, ಅಂದಳು.

ನಂದೂ ಆತು ಅಜ್ಜಿ, ಅಂದೆ, ರೊಟ್ಟಿ, ಹೆಸರುಕಾಳು.
ಪ್ರಾಪ್ತಿ ಬಂಡೆಯಿಂದ ಬೀಳುವಷ್ಟು ನಕ್ಕಳು:
ಊಟ ಅಲ್ಲ ಸರ್, ತುಳು! ಉಂಡು ಅಂದ್ರೆ ಉಂಟು.
ಅಪ್ಪನ ದೋಣಿ ಉಂಟು.

ನಾಚಿಕೆ ಮುಚ್ಚಲು ಮಾಸ್ತರನಾದೆ ಮತ್ತೆ.
ದುಂಡನೆಯ ಮರೆ ಸಾಲದು ಅಜ್ಜಿ,
ಬೆಳಕು ಅದರ ಅಂಚಿಗೆ ಬಾಗಿ, ಸುತ್ತಲಿಂದ ಬಂದು,
ನೆರಳಿನ ನಟ್ಟನಡುವೆಯೇ ಒಂದು ಬೊಟ್ಟಾಗುತ್ತದೆ.
ಅದಕ್ಕೆ ಎಸಳು ಬಿಡಿಸಿ, ಸೂರ್ಯಕಾಂತಿಯ ಹಾಗೆ,
ಅಂಗಳದಷ್ಟು ಅಗಲದ ಒಂದು ಹೂವನ್ನು
ದುರ್ಬೀನಿನಿಂದ ಸಾವಿರಾರು ಮೈಲಿ ಮುಂದೆ
ಹಾರಿಸಿ ನಿಲ್ಲಿಸಬೇಕೆಂದಿದ್ದಾರೆ. ಇನ್ನೂ ಹಾರಿಲ್ಲ.

ಮೊಮ್ಮಗಳ ತುಳುವಿನಲ್ಲಿ ಎಲ್ಲ ಕೇಳಿಸಿಕೊಂಡು
ಅಜ್ಜಿ ಒಂದೇ ಕೇಳಿದ್ದು:
ಅಷ್ಟು ಹೊತ್ತು ಹಿಡಿದರೆ ಕೈ ನೋಯುವುದಿಲ್ಲವಾ?

ನನ್ನ ಪುಸ್ತಕದಲ್ಲಿ ಅದು ಇರಲಿಲ್ಲ.

ಆಮೇಲೆ ನಾನೂ ಎತ್ತಿದೆ, ಐದೂ ಬೆರಳಿರುವ ಕೈ.
ಕಂಡದ್ದು ನನ್ನ ಕೈ.
ಮೀನಿನ ವಾಸನೆಯ ಹಿಡಿತವೊಂದು ಮಣಿಕಟ್ಟಿಗೆ ಬಿತ್ತು,
ಒಂದು ಕೂದಲೆಳೆ ಎಡಕ್ಕೆ, ಚೂರು ಕೆಳಕ್ಕೆ,
ಹಾಂ.
ನನ್ನ ಬೆರಳ ಅಂಚಿನಾಚೆ ಏನೋ ಮಿಣುಕಿತು,
ಟಾರ್ಚೋ, ಹಸಿಗಾಳಿಗೆ ನೀರಾಡಿದ ಕಣ್ಣೋ,
ಇವತ್ತಿಗೂ ಹೇಳಲಾರೆ.
ತೋಳು ಆಗಲೇ ನಡುಗುತ್ತಿತ್ತು.

ಉಂಡು, ಅಂದೆ.

ಯಾವ ಭಾಷೆಯಲ್ಲಿ ಸರ್? ಅಂದಳು ಪ್ರಾಪ್ತಿ.